ಬಸ್ಸಿನವರಿಗೆ ಸರ್ವಿಸ್ ಮೆಶ್ ಹಾಕಿಕೊಟ್ಟಿದ್ದು

ಕಂಪ್ಯೂಟರ್ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಅಂತ ನಮ್ಮತ್ತೆ ಕೇಳುತ್ತಾರೆ. ಆಗುವ ಹೊತ್ತಿನಲ್ಲಿ ನಗಲು ನನಗೂ ಬಿಡುವಿರುವುದಿಲ್ಲ. ಆದರೂ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ, ಅದರಲ್ಲೂ ಸರ್ವಿಸ್ ಮೆಶ್ ಬಂದ ಮೇಲೆ.

ತುಮಕೂರಿನ ಬಟವಾಡಿಯಲ್ಲಿ, ಹಲ್ಲಿನ ಕ್ಲಿನಿಕ್ಕಿನ ಮೇಲೆ ನಮ್ಮ ಆಫೀಸು. ಬಾಸ್ ಸೇರಿ ಮೂರು ಜನ. ಖಾಸಗಿ ಬಸ್ಸುಗಳಿಗೆ ಸೀಟು ಬುಕ್ ಮಾಡುವ ಸಾಫ್ಟ್‌ವೇರ್ ನಮ್ಮದು. ಮೊದಲು ಅದು ಒಂದೇ ದೊಡ್ಡ ಪ್ರೋಗ್ರಾಮಾಗಿತ್ತು. ಬಾಸ್ ಅದನ್ನು ಒಡೆಸಿ, ಸೀಟಿಗೊಂದು, ಟಿಕೆಟ್ಟಿಗೊಂದು, ಮೆಸೇಜಿಗೊಂದು ಅಂತ ಸಣ್ಣ ಸಣ್ಣದು ಮಾಡಿಸಿದರು. ಬೇರೆಯಾದ ಮೇಲೂ ಅವು ಒಂದರ ಜೊತೆ ಒಂದು ಮಾತಾಡಬೇಕಲ್ಲ, ಆ ಮಾತುಕತೆಯನ್ನೆಲ್ಲ ನೋಡಿಕೊಳ್ಳುವ ಏರ್ಪಾಡೇ ಸರ್ವಿಸ್ ಮೆಶ್. ಇಷ್ಟು ಅರ್ಥವಾಗಲು ನನಗೆ ಮೂರು ತಿಂಗಳು ಹಿಡಿಯಿತು.

ಅಳತೆ

ಬಾಸ್ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ, "ಈ ತಿಂಗಳು ಮೆಶ್ ಹಾಕ್ಲೇಬೇಕು, ಇಲ್ದಿದ್ರೆ ಏನ್ ಬೇಕಾದ್ರೂ ಒಳಗೆ ನುಗ್ಗುತ್ತೆ" ಅಂದಿದ್ದು ಕಟ್ಟಡದ ಓನರ್ ಕಿವಿಗೆ ಬಿತ್ತು. ಮಾರನೇ ದಿನ ಬಡಗಿಯೊಬ್ಬ ಟೇಪು ಹಿಡಿದುಕೊಂಡು ಬಂದ.

"ಸೊಳ್ಳೆ ಮೆಶ್ ಹಾಕ್ಬೇಕಂತಲ್ಲ. ಓನರ್ ಕಳಿಸವ್ರೆ."

ನಮ್ಮ ಮೆಶ್ ಬೇರೆ, ಕಿಟಕಿ ಮೆಶ್ ಬೇರೆ ಅಂತ ಬಾಸ್ ಅರ್ಧ ಗಂಟೆ ವಿವರಿಸಿದರು. ಬೋರ್ಡಿನ ಮೇಲೆ ಚಿತ್ರವನ್ನೂ ಬರೆದರು. ಆತ ಶ್ರದ್ಧೆಯಿಂದ ಕೇಳಿ, "ಸರಿ ಸಾರ್, ಒಟ್ಟು ಎಷ್ಟು ಕಿಟಕಿ?" ಅಂದ.

ಸಂಜೆಯೊಳಗೆ ಮುಗಿಸಿಯೂ ಹೋದ. ನಮ್ಮದು ಮುಗಿಯಲು ಇನ್ನೂ ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಗಿರಾಕಿಗಳು ಫೋನ್ ಮಾಡಿ "ಮೆಶ್ ಆಯ್ತಾ?" ಅಂದಾಗಲೆಲ್ಲ ಬಾಸ್ "ಆಯ್ತು" ಅನ್ನುತ್ತಿದ್ದರು. ಸುಳ್ಳೇನೂ ಅಲ್ಲ.

ಗುಬ್ಬಿಯ ಅಣ್ಣ ತಮ್ಮ

ನಮ್ಮ ದೊಡ್ಡ ಗಿರಾಕಿ ಗುಬ್ಬಿಯವರು. ಅಣ್ಣ ತಮ್ಮ ಸೇರಿ ನಾಲ್ಕು ಬಸ್ಸು ಓಡಿಸುತ್ತಾರೆ. ಇಬ್ಬರಿಗೂ ಮಾತಿಲ್ಲ. ಒಂದೇ ಕೋಣೆಯಲ್ಲಿ ಎರಡು ಟೇಬಲ್ಲು, ನಡುವೆ ವಯಸ್ಸಾದ ಗುಮಾಸ್ತರು. ಅಣ್ಣ "ಡೀಸೆಲ್ ಹಾಕ್ಸಿದಾನಾ ಕೇಳಿ" ಅಂದರೆ ಗುಮಾಸ್ತರು ಈ ಕಡೆ ತಿರುಗಿ ಕೇಳಿ, ಆ ಕಡೆ ತಿರುಗಿ ಹೇಳುತ್ತಾರೆ.

ಅವರಿಗೆ ಮೆಶ್ ವಿವರಿಸಲು ನಾನೇ ಹೋಗಿದ್ದೆ. "ಪ್ರೋಗ್ರಾಮುಗಳು ಇನ್ಮೇಲೆ ನೇರವಾಗಿ ಮಾತಾಡಲ್ಲ. ಪ್ರತಿಯೊಂದರ ಪಕ್ಕದಲ್ಲೂ ಸೈಡ್‌ಕಾರ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಕೂತಿರುತ್ತೆ. ಮಾತೆಲ್ಲ ಅದರ ಮೂಲಕವೇ" ಅಂದೆ.

ಅಣ್ಣ ತಲೆಯಾಡಿಸಿದರು. ತಮ್ಮನೂ ತಲೆಯಾಡಿಸಿದರು. ಇಷ್ಟು ಬೇಗ ಯಾರಿಗೂ ಅರ್ಥವಾಗಿದ್ದಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಕಳಿಸಲು ಬಂದ ಗುಮಾಸ್ತರು ದಾರಿಯಲ್ಲಿ ಮೆಲ್ಲಗೆ ಕೇಳಿದರು. "ಅದು ಮಾತನ್ನ ಹೇಳಿದ್ದು ಹೇಳಿದ ಹಾಗೇ ದಾಟಿಸುತ್ತಾ ಮೇಡಂ?"

"ಒಂದಕ್ಷರ ಬದಲಾಗಲ್ಲ."

"ಹಾಗಾದ್ರೆ ಕಷ್ಟ. ನಾನು ಹಾಗೆ ದಾಟಿಸಿದ್ದಿದ್ರೆ ಈ ಕಂಪನಿ ಯಾವತ್ತೋ ಮುಚ್ಚೋಗ್ತಿತ್ತು."

ಗುರುತಿನ ಚೀಟಿ

ಮೆಶ್‌ನಲ್ಲಿ ಪ್ರತಿ ಪ್ರೋಗ್ರಾಮಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ. ಅದನ್ನು ತೋರಿಸಿದರೇ ಇನ್ನೊಂದು ಮಾತಾಡುವುದು. ಅದಕ್ಕೆ ಅವಧಿಯೂ ಉಂಟು. ನವೀಕರಿಸುವುದನ್ನು ನಾನು ಮರೆತಿದ್ದೆ.

ಬೆಳಿಗ್ಗೆ ಕುಣಿಗಲ್ ಏಜೆಂಟರ ಫೋನು. ಬಸ್ ಸ್ಟ್ಯಾಂಡಿನಲ್ಲಿ ಅವರದು ಜೆರಾಕ್ಸ್ ಅಂಗಡಿ, ಜೊತೆಗೆ ನಮ್ಮ ಟಿಕೆಟ್ಟು.

"ಮೇಡಂ, ಸೀಟು ಬುಕ್ ಆಗ್ತಿಲ್ಲ."

"ಸೀಟಿನ ಪ್ರೋಗ್ರಾಮು ಟಿಕೆಟ್ ಪ್ರೋಗ್ರಾಮಿನ ಗುರುತು ಹಿಡೀತಿಲ್ಲ ಸಾರ್."

"ನೆನ್ನೆ ಗಂಟ ಎರಡೂ ಮಾತಾಡ್ಕಂಡಿದ್ವಲ್ಲ. ಜಗಳ ಏನಾರ ಆಯ್ತಾ?"

"ಇಲ್ಲ, ಸರ್ಟಿಫಿಕೇಟ್ ಅವಧಿ ಮುಗಿದಿದೆ."

"ಒಂದ್ ಕಾಪಿ ಕಳ್ಸಿ ಮೇಡಂ. ಹೆಡ್ ಮಾಸ್ಟ್ರು ಇಲ್ಲೇ ಟೀ ಕುಡೀತಾವ್ರೆ, ಅಟೆಸ್ಟ್ ಮಾಡಿಸ್ಬುಡ್ತೀನಿ."

ಒಂದನೇ ನಂಬರು

ಇನ್ನೊಂದು ಸಲ ತೊಂದರೆಯಾದರೆ ಕಾಗದದ ಟಿಕೆಟ್ಟಿಗೇ ವಾಪಸು ಹೋಗುವುದಾಗಿ ಅಣ್ಣ ತಮ್ಮ ಇಬ್ಬರೂ ಗುಮಾಸ್ತರ ಮೂಲಕ ಹೇಳಿಕಳಿಸಿದರು. ಆ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಆ ಹೊತ್ತಿಗೆ ನಾನು ಸೀಟಿಗೆ ಹೊಸ ಪ್ರೋಗ್ರಾಮು ಬರೆದಿದ್ದೆ. ಹಳೇದನ್ನು ನಿಲ್ಲಿಸದೆ, ಹತ್ತರಲ್ಲಿ ಒಂದು ಬುಕಿಂಗನ್ನು ಮಾತ್ರ ಹೊಸದಕ್ಕೆ ಕಳಿಸಿ ಪರೀಕ್ಷೆ ಮಾಡುವ ಅನುಕೂಲ ಮೆಶ್‌ನಲ್ಲಿದೆ. ಹಾಗೇ ಹಾಕಿದೆ ಅಂದುಕೊಂಡೆ. ಹಾಕಿದ್ದು ಅರ್ಧಕ್ಕರ್ಧ. ಎರಡಕ್ಕೂ ಬೇರೆ ಬೇರೆ ಪಟ್ಟಿ ಇದ್ದುದರಿಂದ, ಕುಣಿಗಲ್‌ನಿಂದ ತುಮಕೂರಿಗೆ ಹೊರಡುವ ಗುಬ್ಬಿಯವರ ಬೆಳಗಿನ ಬಸ್ಸಿಗೆ ಒಂದರಿಂದ ಇಪ್ಪತ್ತರವರೆಗಿನ ಸೀಟುಗಳು ಎರಡೆರಡು ಸಲ ಮಾರಾಟವಾದವು. ಸಾಲದ್ದಕ್ಕೆ ಹೊಸದು ಸೀಟನ್ನು ಹಿಂದಿನಿಂದ ಎಣಿಸುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ. ಬರೆದವಳು ನಾನೇ.

ಪರೀಕ್ಷೆ ನೋಡಲು ಅವತ್ತು ನಾನೂ ಕುಣಿಗಲ್ ಸ್ಟ್ಯಾಂಡಿನಲ್ಲಿದ್ದೆ. ಅಮೃತೂರಿನ ಮೇಷ್ಟರು ಒಬ್ಬರು, ಮಾರ್ಕೋನಹಳ್ಳಿ ಕಡೆಯ ಅಜ್ಜಿ ಒಬ್ಬರು, ಇಬ್ಬರ ಕೈಯಲ್ಲೂ ಒಂದನೇ ನಂಬರು.

"ಮುಂದಿನ ಸೀಟು ನನ್ನದು" ಅಂದರು ಮೇಷ್ಟರು.

"ನೀವೇ ಕೂತ್ಕಳಿ ಸ್ವಾಮಿ. ನನ್ನ ಟಿಕೀಟಲ್ಲಿ ಒಂದನೇದು ಹಿಂದುಗಡೆ ಐತೆ" ಅಂದರು ಅಜ್ಜಿ. ಹೊಸ ಟಿಕೆಟ್ಟಿನಲ್ಲಿ ಬಸ್ಸಿನ ಚಿತ್ರವೂ ಇತ್ತು.

ಕಂಡಕ್ಟರ್ ಎರಡೂ ಟಿಕೆಟ್ಟು ಇಸಿದುಕೊಂಡು ನೋಡಿದ. ಯಾರಿಗೂ ಫೋನ್ ಮಾಡಲಿಲ್ಲ. "ಚಿತ್ರ ಇರೋರು ಹಿಂದ್ಲ ಬಾಗ್ಲಲ್ಲಿ ಹತ್ತಿ, ಇಲ್ದೇ ಇರೋರು ಮುಂದ್ಲ ಬಾಗ್ಲಲ್ಲಿ ಹತ್ತಿ. ನಂಬರ್ ಪ್ರಕಾರ ಕೂತ್ಕಂಡ್ ಬನ್ನಿ" ಅಂದ.

ಎರಡೂ ಕಡೆಯಿಂದ ಕೂತುಕೊಂಡು ಬಂದವರು ನಡುವೆ ಸರಿಯಾಗಿ ಕೂಡಿದರು. ನಲವತ್ತು ಸೀಟು, ನಲವತ್ತು ಜನ. ಒಬ್ಬರೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ನಾನೂ ತುಮಕೂರಿಗೆ ವಾಪಸು ಹೋಗಬೇಕಿತ್ತಲ್ಲ, ಹತ್ತಿದೆ.

ಕಂಡಕ್ಟರ್ ಬಂದು ಕೇಳಿದ. "ನಿಮ್ದು ಮುಂದ್ಲಿಂದ್ಲೋ ಹಿಂದ್ಲಿಂದ್ಲೋ?"

"ಎರಡೂ ಅಲ್ಲ. ನಾನು ಸಾಫ್ಟ್‌ವೇರ್ ಕಡೆಯವಳು."

ಅವನು ನನ್ನನ್ನು ಒಂದು ಸಲ ನೋಡಿ, ಸೀಟಿ ಊದಿದ.

"ಹಂಗಾದ್ರೆ ನಿಂತ್ಕಂಡ್ ಬನ್ನಿ ಮೇಡಂ."