ಮಾವನ ಕರಟದ ಮೀಟರು

ನಮ್ಮ ಸೋದರಮಾವ ಈ ಪ್ರಪಂಚದಲ್ಲಿ ಯಾರನ್ನೂ ನಂಬುವುದಿಲ್ಲ. ಹೋಗಲಿ, ಮನುಷ್ಯರನ್ನು ನಂಬದವರು ಬೇಕಾದಷ್ಟು ಜನ ಇದ್ದಾರೆ. ಇವರು ಬ್ಯಾಟರಿಯನ್ನೂ ನಂಬುವುದಿಲ್ಲ! ಯಾರ ಮನೆಗೆ ಹೋದರೂ, ಕೊಟ್ಟ ನೀರು ಕುಡಿಯುವ ಮೊದಲೇ ಅವರ ಗೋಡೆ ಗಡಿಯಾರ ಇಳಿಸಿ ಸೆಲ್ಲು ಪರೀಕ್ಷೆ ಮಾಡುವ ಇನ್ನೊಬ್ಬ ಗೃಹಸ್ಥ ನಮ್ಮ ಜಿಲ್ಲೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ರೂಮಿನಲ್ಲಿ ಕೂಡಿ ಹಾಕಿ ಊರಿನವರೆಲ್ಲ ನೆಮ್ಮದಿಯಾಗಿರೋಣ.

ಮಾವ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಅದು ಅವರ ವಿದ್ಯೆ, ಒಪ್ಪೋಣ. ಆದರೆ ಆ ವಿದ್ಯೆ ಕೊಬ್ಬರಿಗೆ ಮಾತ್ರ ಅನ್ನುವುದನ್ನು ಅವರು ಒಪ್ಪಬೇಕಲ್ಲ! ಔಷಧಿ ಬಾಟಲಿಯಿಂದ ಮೊಬೈಲಿನವರೆಗೆ ಎಲ್ಲವನ್ನೂ ಅಲ್ಲಾಡಿಸುತ್ತಾರೆ. ಮಗಳಿಗೆ ಗಂಡು ನೋಡಲು ಕುಣಿಗಲ್ಲಿಗೆ ಹೋದಾಗ ಹುಡುಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದ್ದರೆಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಒಳಗೆ ಏನು ಕೇಳಿಸಿತೋ, ಆ ಹುಡುಗನೇ ಅಳಿಯನಾದ.

ಅವರ ಇನ್ನೊಂದು ವಿದ್ಯೆ ಸಿಗರೇಟು. ಹಾಲಿನಲ್ಲಿ ಟೀವಿಯ ಮುಂದೆ ಕಾಲು ಚಾಚಿ ಕೂತು ಮನೆಯನ್ನೇ ಅಡುಗೆ ಒಲೆ ಮಾಡಿಬಿಡುತ್ತಿದ್ದರು. ಅತ್ತೆಗೋ ಉಬ್ಬಸ. ಒಂದು ಸಲ ಉಸಿರು ಸಿಕ್ಕದೆ ತುಮಕೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. "ಇವರಿರುವ ಮನೆಯಲ್ಲಿ ಹೊಗೆ ಆಡಬಾರದು, ಇನ್ನೊಂದು ಸಲ ಹೀಗಾದರೆ ಕಷ್ಟ" ಎಂದು ಡಾಕ್ಟರು ಹೇಳಿ ಕಳಿಸಿದರು. ಇಡೀ ಬಳಗ ಮಾವನ ಮೇಲೆ ಬಿತ್ತು. ಬಿಡಿ ಎಂದರೆ ಬಿಡುವ ಬದಲು ಇನ್ನೊಂದನ್ನು ಹಿಡಿಯುವುದು ನಮ್ಮ ಕಡೆ ಗಂಡಸರ ಕ್ರಮ. ಮಾವ ದುಬೈಯಲ್ಲಿ ಡ್ರೈವರಾಗಿದ್ದ ಅಳಿಯನಿಗೆ ಫೋನು ಮಾಡಿದರು. ಅವನು ರಜಕ್ಕೆ ಬರುವಾಗ ಸಾಕ್ಸಿನೊಳಗೆ ಮುಚ್ಚಿಟ್ಟುಕೊಂಡು ಒಂದು ವೇಪ್ ತಂದುಕೊಟ್ಟ. ಅದೇ, ಬ್ಯಾಟರಿಯ ಸಿಗರೇಟು! ನಮ್ಮ ದೇಶದಲ್ಲಿ ಅದನ್ನು ತರುವುದೂ ಮಾರುವುದೂ ನಿಷೇಧ. ಹೆಂಡತಿಯ ಎದೆ ಉಳಿಸಲು ಕಾನೂನು ಮುರಿದ ಧೀರ ನಮ್ಮ ಮಾವ!

ವೇಪಿನ ಜೊತೆ ಹೆಬ್ಬೆರಳು ಗಾತ್ರದ ಎರಡು ಸೆಲ್ಲು ಬಂದಿದ್ದವು. ಕೆಲವು ದಿನದಲ್ಲೇ ಅವು ಸೋತವು. ಚಾರ್ಜಿಗೆ ಹಾಕಬೇಕು ಎಂದು ಅಳಿಯ ಹೇಳಿದ್ದ. ಆದರೆ ಟಾರ್ಚಿನ ಸೆಲ್ಲು ಸೋತಾಗ ನಾವು ಏನು ಮಾಡುತ್ತೇವೆ? ಬಿಸಿಲಿಗೆ ಇಡುತ್ತೇವೆ. ಮಾವ ಕೊಬ್ಬರಿ ವ್ಯಾಪಾರಿಯಾದ್ದರಿಂದ ಒಂದು ಹೆಜ್ಜೆ ಮುಂದೆ ಹೋದರು. ಸಿಪ್ಪೆ ಇದ್ದರೆ ಬಿಸಿಲು ಒಳಗೆ ಇಳಿಯುವುದಿಲ್ಲವಂತೆ! ಎರಡೂ ಸೆಲ್ಲಿನ ಪ್ಲಾಸ್ಟಿಕ್ಕನ್ನು ನೀಟಾಗಿ ಸುಲಿದು, ತಾರಸಿಯ ತಗಡಿನ ಮೇಲೆ ಕೊಬ್ಬರಿಯ ಪಕ್ಕ ಒಟ್ಟಿಗೆ ಒರಗಿಸಿಟ್ಟರು. ಸ್ವಲ್ಪ ಹೊತ್ತಿಗೆ 'ಬುಸ್' ಎಂದು ಒಂದು ಸೆಲ್ಲು ಹೊಗೆ ಉಗುಳಿತು. ಅತ್ತೆ ಕೆಳಗಿನಿಂದಲೇ ಮೂಗಿಗೆ ಸೆರಗು ಒತ್ತಿಕೊಂಡು ಕೂಗಿದರು.

"ಸೇದುದ್ರೂ ಹೊಗೆ, ಒಣಗ್ಸುದ್ರೂ ಹೊಗೆ! ನಿಮ್ ಕೈಗೆ ಏನ್ ಕೊಟ್ರೂ ಹೊಗೇನೇ ಏನ್ರೀ?"

ಅವತ್ತಿನಿಂದ ಮಾವನಿಗೆ ಸೆಲ್ಲಿನ ಭಯ ಹಿಡಿಯಿತು. ತಾರಸಿಯ ಮೇಲೆ ಉಗುಳಿದ್ದು ನಾಳೆ ಬಾಯಿಯ ಹತ್ತಿರ ಉಗುಳಿದರೆ? ಅಳಿಯ ಬೇರೆ ಸೆಲ್ಲು ಕಳಿಸಿಕೊಟ್ಟು ಫೋನಿನಲ್ಲಿ ಪಾಠ ಹೇಳಿದ. ಸೆಲ್ಲಿನ ವೋಲ್ಟೇಜು ಮೂರು ಪಾಯಿಂಟ್ ಎರಡಕ್ಕಿಂತ ಕೆಳಗೆ ಇಳಿಯಬಾರದು, ನಾಲ್ಕು ಪಾಯಿಂಟ್ ಎರಡಕ್ಕಿಂತ ಮೇಲೆ ಏರಬಾರದು. ಹಾಗಾದರೆ ಅಳೆಯಲು ಮೀಟರು ಬೇಕು. ನಾನಿರುವುದು ತುಮಕೂರಿನಲ್ಲಿ, ಆದ್ದರಿಂದ ಅಂಗಡಿಗೆ ಕರೆದುಕೊಂಡು ಹೋಗುವ ಕರ್ಮ ನನ್ನದೇ. ಅಂಗಡಿಯವನು ಒಳ್ಳೆಯ ಮನಸ್ಸಿನಿಂದ ಒಂದು ಮಲ್ಟಿಮೀಟರ್ ತೆಗೆದು ಮುಂದಿಟ್ಟ.

"ಇದು ನಿಜ ಹೇಳ್ತದೆ ಅನ್ನಕ್ಕೆ ಏನ್ ಗ್ಯಾರಂಟಿ?" ಎಂದರು ಮಾವ.

"ಕಂಪನೀದು ಯಜಮಾನ್ರೇ."

"ಸಿಗರೇಟೂ ಕಂಪನೀದೇ ಅಲ್ವೇನಯ್ಯ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಕೊನೆಗೆ ಯಾವ ಕಂಪನಿಯ ಹೆಸರೂ ಇಲ್ಲದ, ಬೈಕಿಗೆ ಹಾಕುವ, ಕೆಂಪು ಅಂಕಿ ತೋರಿಸುವ ಪುಟ್ಟ ಮೀಟರು ಕೊಂಡು ತಂದರು. ಮನೆಯಲ್ಲಿ ವಾರಗಟ್ಟಲೆ ಯಜ್ಞ ನಡೆಯಿತು. ಅರ್ಧ ಕರಟವನ್ನು ಗಾಜಿನ ಚೂರಿನಿಂದ ಹೆರೆದು, ಕಿಟಕಿ ಕೊರೆದು, ಅದರೊಳಗೆ ಮೀಟರು ಕೂರಿಸಿದರು. ಸೆಲ್ಲು ಹಿಡಿಯಲು ಹಳೆಯ ಟಾರ್ಚಿನ ಸ್ಪ್ರಿಂಗು. ಆದರೆ ಆ ಮೀಟರು ಉರಿಯುವುದಕ್ಕೇ ಇನ್ನೊಂದು ಬ್ಯಾಟರಿ ಬೇಕು, ಒಂಬತ್ತು ವೋಲ್ಟಿನ ಚೌಕದ್ದು. ನನಗೆ ಸುಮ್ಮನಿರಲಾಗಲಿಲ್ಲ.

"ಅಲ್ಲ ಮಾವ, ಆ ಬ್ಯಾಟರಿ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಮಾವ ನನ್ನನ್ನು ಕನಿಕರದಿಂದ ನೋಡಿ, ಚೌಕದ ಬ್ಯಾಟರಿಯನ್ನು ನಾಲಿಗೆಗೆ ಒತ್ತಿಕೊಂಡರು. ಮುಖ ಹುಣಸೆಹಣ್ಣು ತಿಂದಂತಾಯಿತು.

"ಚುರ್ ಅಂತು ಕಣ್ಲಾ. ಸರ್ಯಾಗೈತೆ."

ನೋಡಿದಿರಾ ವಿಜ್ಞಾನ! ಕಂಪನಿಯ ಮೀಟರನ್ನು ನಂಬದೆ ಇಷ್ಟೆಲ್ಲ ಕಟ್ಟಿದ ಯಂತ್ರ ಕೊನೆಗೆ ನಿಂತದ್ದು ಅವರ ನಾಲಿಗೆಯ ಮೇಲೆ. ಅದು ಯಾವತ್ತೂ ಅಳತೆಯಲ್ಲಿದ್ದ ನಾಲಿಗೆಯಲ್ಲ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತು.

ಆಮೇಲೆ ಕರಟ ಅವರ ಜೇಬು ಬಿಟ್ಟು ಇಳಿಯಲಿಲ್ಲ. ಕೊಬ್ಬರಿ ಮಂಡಿಯಲ್ಲಿ, ಬಸ್ಸಿನಲ್ಲಿ, ಊಟದ ಮಧ್ಯೆ, ಹೊತ್ತು ಗೊತ್ತು ಇಲ್ಲದೆ ವೇಪಿನ ಸೆಲ್ಲು ಬಿಚ್ಚುವುದು, ಅಳೆಯುವುದು, ಮತ್ತೆ ಹಾಕುವುದು. "ಸಿಗರೇಟು ಬುಟ್ಟು ಕರಟ ಹಿಡಿದವ್ರೆ" ಎಂದು ಅತ್ತೆ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದರು.

ಹೋದ ತಿಂಗಳು ಕುಣಿಗಲ್ಲಿನಲ್ಲಿ ಅಳಿಯನ ಹೊಸಮನೆಯ ಗೃಹಪ್ರವೇಶ. ಹೋಮ ಶುರುವಾಗಿತ್ತು. ಪುರೋಹಿತರ ಕೈಯಲ್ಲಿದ್ದ ಮೈಕು ಒಂದು ಸಲ 'ಕರ್' ಎಂದಿತು. ಅಷ್ಟೇ! ಮಾವ ಎದ್ದು ಹೋಗಿ, ಮೈಕು ಕಸಿದುಕೊಂಡು, ಸೆಲ್ಲು ಬಿಚ್ಚಿ ಕರಟಕ್ಕೆ ಹಾಕಿದರು.

"ಒಂದು ಪಾಯಿಂಟ್ ಒಂದು! ಇದ್ರಲ್ಲಿ ಮಂತ್ರ ಹೇಳ್ಬೇಡಿ ಸ್ವಾಮಿ."

"ಯಜಮಾನ್ರೇ, ಮುಹೂರ್ತ ಮೀರ್ತಾ ಇದೆ."

"ಮೀರುದ್ರೆ ಮೀರ್ಲಿ ಬುಡಿ. ವೋಲ್ಟೇಜಿಲ್ದೆ ದೇವ್ರಿಗೆ ಕೇಳ್ಸುತ್ತಾ?"

ಬೀಗರು ನನ್ನ ಕಿವಿಯ ಹತ್ತಿರ ಬಾಗಿ ತುಂಬ ಮೆಲ್ಲಗೆ, "ನಿಮ್ಮ ಮಾವನಿಗೆ ಇದು ಯಾವಾಗಿನಿಂದ?" ಎಂದು ಕೇಳಿದರು. ಅತ್ತೆಯ ಮುಖ ಕೆಂಪಾಗಿತ್ತು. "ಇವ್ರನ್ನ ಎಲ್ಲಾದ್ರೂ ಕರ್ಕೊಂಡ್ ಹೋಗಪ್ಪ, ನಿಂಗೆ ಕೈ ಮುಗೀತೀನಿ" ಎಂದರು.

ಕೆರೆಯ ಏರಿಗೆ ಕರೆದುಕೊಂಡು ಹೋದೆ. ನೀರು ತುಂಬಿ ನಿಂತಿತ್ತು. ಮಾವ ಕಲ್ಲಿನ ಮೇಲೆ ಕೂತವರೇ ಮತ್ತೆ ಜೇಬಿಗೆ ಕೈ ಹಾಕಿ ವೇಪು ತೆಗೆದು, ಸೆಲ್ಲು ಬಿಚ್ಚಿ ಕರಟಕ್ಕೆ ಹಾಕಿದರು. ನನಗೆ ರೇಗಿತು.

"ಅಳೆದಿದ್ದು ಸಾಕು, ಸೇದಿ ಮಾವ. ಅದಕ್ಕೆ ತಾನೇ ಇಷ್ಟೆಲ್ಲ ನಾಟಕ? ಇಲ್ಲಿ ಯಾರೂ ಇಲ್ಲ."

ಅವರು ವೇಪಿನ ಮೇಲ್ಭಾಗ ತಿರುಗಿಸಿ ನನ್ನ ಅಂಗೈಗೆ ಹಾಕಿದರು. ಹೊಗೆ ಬರಿಸುವ ದ್ರವ ತುಂಬುವ ಜಾಗ ಒಣಗಿ ಹೋಗಿತ್ತು. ಒಳಗಿನ ಹತ್ತಿ ಮುಟ್ಟಿದರೆ ಪುಡಿಯಾಗುತ್ತಿತ್ತು.

"ಖಾಲಿಯಾಗಿ ತಿಂಗ್ಳುಗಟ್ಲೆ ಆಯ್ತು ಕಣ್ಲಾ. ಮತ್ತೆ ತುಂಬ್ಸಿಲ್ಲ. ಸೇದ್ಬೇಕು ಅನ್ಸ್‌ದಾಗೆಲ್ಲ ಕೈ ನಡುಗ್ತದೆ. ಆವಾಗ ಇದ್ನ ಬಿಚ್ತೀನಿ, ಅಳೀತೀನಿ, ಹಾಕ್ತೀನಿ. ಅಷ್ಟ್ರಲ್ಲಿ ಆ ಗಳಿಗೆ ಕಳ್ದೋಗ್ತದೆ."

"ಅತ್ತೆಗೆ ಗೊತ್ತಾ?"

"ಹೇಳಿಲ್ಲ. ಹೇಳ್ಬುಟ್ಟು ಆಮೇಲೆ ಸೇದ್‌ಬುಟ್ರೆ?"

ನೀರು ನೋಡುತ್ತ ಮಾವನೇ ಮುಂದುವರಿಸಿದರು.

"ಆಸ್ಪತ್ರೇಲಿ ಡಾಕ್ಟ್ರು ಅವ್ಳನ್ನ ಕೇಳುದ್ರು, ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರೇನಮ್ಮ ಅಂತ. ನಾನು ಪಕ್ಕದಲ್ಲೇ ನಿಂತಿದೀನಿ. ಅಂಗಿ ಜೇಬಲ್ಲಿ ಪ್ಯಾಕು ಕಾಣ್ತಾ ಐತೆ. ಮಾತಾಡಕ್ಕೆ ಅವ್ಳಿಗೆ ಉಸಿರೇ ಇಲ್ಲ ಕಣೋ. ಇರೋ ಒಂದ್ ಉಸಿರಲ್ಲಿ, 'ಇಲ್ಲ ಸಾರ್, ನಮ್ಮನೇಲಿ ಯಾರೂ ಸೇದಲ್ಲ' ಅಂದ್ಲು. ನನ್ ಮರ್ಯಾದೆ ಉಳ್ಸಕ್ಕೆ."

ಅಂಗೈಯಲ್ಲಿದ್ದ ವೇಪಿನ ಮೇಲ್ಭಾಗವನ್ನು ಅವರ ಕೈಗೆ ವಾಪಸು ಕೊಟ್ಟೆ.

"ಸುಳ್ ಹೇಳೋಳಲ್ಲ ಅವ್ಳು. ನನ್ನಿಂದ ಹೇಳಂಗಾಯ್ತು" ಎಂದರು ಮಾವ, ಸೆಲ್ಲನ್ನು ಒಳಗೆ ಹಾಕುತ್ತ. "ಅದ್ನ ನಿಜ ಮಾಡ್ತಾ ಇದೀನಿ, ಅಷ್ಟೇ."