ಮೇಕೆಯ ಒಡೆಯ ಹಸ್ನುಲ್

ತರಗತಿ ತುಂಬ ಜನರಿದ್ದಾಗ ಪ್ರೊಫೆಸರ್ ಬಹರೂಮ್ ಕೇಳಿದರು: "ಬಡ್ಡಿಯಿಲ್ಲದ ಬ್ಯಾಂಕಿಂಗ್ ಅಂತ ಗಿಣಿಪಾಠ ಒಪ್ಪಿಸ್ತೀಯಲ್ಲ, ಜನ್ಮದಲ್ಲಿ ಒಂದು ಸೂಜಿನಾದ್ರೂ ಕೊಂಡು ಮಾರಿದ್ದೀಯಾ?"

ಹಸ್ನುಲ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ನಾಳೇನೇ ಮಾಡಿ ತೋರಿಸ್ತೀನಿ ಸರ್" ಅಂದುಬಿಟ್ಟ.

"ತೋರಿಸು. ಅದೇ ನಿನ್ನ ಪರೀಕ್ಷೆ. ಮೊದಲು ಕೊಳ್ಳಬೇಕು, ಕೈವಶ ಮಾಡ್ಕೋಬೇಕು, ಅಸಲೆಷ್ಟು ಲಾಭವೆಷ್ಟು ಬಾಯಿಬಿಟ್ಟು ಹೇಳಿ ಆಮೇಲೆ ಮಾರಬೇಕು. ನಡುವೆ ಮಾಲಿಗೆ ಏನೇ ಆದ್ರೂ ನಿನ್ನ ತಲೆ ಮೇಲೆ. ನಿನಗೆ ಮಾರಿದವರು, ನಿನ್ನಿಂದ ಕೊಳ್ಳೋರು, ಇಬ್ಬರೂ ಸಂಜೆ ಐದಕ್ಕೆ ನಿನ್ನ ಮನೇಲಿ ನನ್ನ ಕಣ್ಣೆದುರಿಗೆ ಇರಬೇಕು."

ಆ ವಿಷಯದಲ್ಲಿ ಹಸ್ನುಲ್ ಆಗಲೇ ಎರಡು ಸಲ ಮಕಾಡೆ ಮಲಗಿದ್ದ. ಈ ಸಲವೂ ಹೋದರೆ ಸ್ನಾತಕೋತ್ತರ ಪದವಿಯೂ ಇಲ್ಲ, ಒಂದನೇ ತಾರೀಕಿಗೆ ಬಾ ಅಂದಿದ್ದ ಬ್ಯಾಂಕಿನ ಕೆಲಸವೂ ಇಲ್ಲ.

ಪುಣ್ಯಕ್ಕೆ ಪಕ್ಕದ ಮನೆಯ ಮಾಕ್ ಚಿಕ್ ಕಲ್ಸೋಮ್ ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಹಾಕಿಸುವ ಅಕೀಕಾ ಊಟಕ್ಕೆ ಮೇಕೆ ಹುಡುಕುತ್ತಿದ್ದರು. ಮಾಕ್ ಚಿಕ್ ಅಂದರೆ ಅತ್ತೆ; ಕೇರಿಗೆಲ್ಲ ಅತ್ತೆ ಅವರು. "ದಪ್ಪಗಿರೋದು ತಂದುಕೊಡು ಮಗಾ, ದುಡ್ಡು ಎರಡು ತಿಂಗಳು ಬಿಟ್ಟು ಕೊಡ್ತೀನಿ" ಅಂದರು. ಹಸ್ನುಲ್‌ಗೆ ಸ್ವರ್ಗ ಮೂರೇ ಗೇಣು.

ಬೆಳಿಗ್ಗೆಯೇ ಗೊಂಬಾಕ್ ದಾಟಿ, ರಸ್ತೆ ಬದಿಯಲ್ಲಿದ್ದ ಮೇಕೆ ಸಾಕುವ ದೊಲ್ಲಾನ ಕೊಟ್ಟಿಗೆಗೆ ಹೋದ. ಪುಸ್ತಕದಲ್ಲಿ ಹೇಳಿದ ಹಾಗೆ ಮೇಕೆಯ ಹಲ್ಲು ನೋಡಿದ, ಕಣ್ಣು ನೋಡಿದ, ಬಾಲ ಎತ್ತಿಯೂ ನೋಡಿದ.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ನೋಡಲ್ಲ ಕಣಯ್ಯಾ" ಅಂದ ದೊಲ್ಲಾ. ಏಳುನೂರು ರಿಂಗಿಟ್‌ಗೆ ಮಾತು ಮುಗಿಯಿತು, ಹಸ್ನುಲ್ ಹಣ ಎಣಿಸಿಕೊಟ್ಟ. ಸಂಜೆ ಐದಕ್ಕೆ ಸಾಕ್ಷಿಗೆ ಬರಬೇಕೆಂದು ತನ್ನ ಮನೆ ವಿಳಾಸ ಬರೆದುಕೊಟ್ಟ. ದೊಲ್ಲಾ ಅದನ್ನು ಓದದೆಯೇ ಜೇಬಿಗೆ ತುರುಕಿದ.

ಮೇಕೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ಅದು ಸೀಟಿನ ಕವರು, ಕಾರಿನ ಇನ್ಶೂರೆನ್ಸ್ ಕಾಗದ, ಎರಡನ್ನೂ ಮುಗಿಸಿತ್ತು. ಮಾಕ್ ಚಿಕ್ ಓಡಿಬಂದರು.

"ಆಹಾ, ಮೇಕೆ ಅಂದ್ರೆ ಇದು! ಬಾರೇ ನನ್ನ ಚಿನ್ನ..."

"ಅಯ್ಯಯ್ಯೋ, ಮುಟ್ಟಬೇಡಿ ಮಾಕ್ ಚಿಕ್! ಇನ್ನೂ ನಿಮ್ಮದಲ್ಲ. ಐದು ಗಂಟೆವರೆಗೆ ನಂದು."

"ಹೇಗೂ ನನಗೇ ತಾನೇ ಕೊಡೋದು? ನನ್ನ ಹಿತ್ತಲಲ್ಲೇ ಕಟ್ಟೋ."

"ಆಗಲ್ಲ. ನನ್ನ ವಶದಲ್ಲೇ ಇರಬೇಕು. ಇಲ್ಲದಿದ್ರೆ ನಾನು ಫೇಲು."

"ನಿನ್ನ ವಿದ್ಯೆಗಿಷ್ಟು ಬೆಂಕಿ ಹಾಕ!" ಅಂತ ಮಾಕ್ ಚಿಕ್ ಮುಖ ತಿರುವಿ ಒಳಗೆ ಹೋದರು. ಹಸ್ನುಲ್ ಹಗ್ಗವನ್ನು ಗೇಟಿಗೆ ಬಿಗಿದು ಊಟಕ್ಕೆ ಕೂತ. ಎರಡು ತುತ್ತು ಇಳಿದಿರಲಿಲ್ಲ, ಎಡಗಡೆ ಮನೆಯಿಂದ ಕೂಗು ಕೇಳಿತು.

ಅಂಕಲ್ ಚಿಯಾ ಹನ್ನೊಂದು ವರ್ಷದಿಂದ ಆರ್ಕಿಡ್ ಬೆಳೆಸುತ್ತಿದ್ದರು. ಈಗ ಅವರ ಕೈಯಲ್ಲಿ ಬರೀ ಕುಂಡಗಳಿದ್ದವು. ಹಗ್ಗ ಬಿಚ್ಚಿಕೊಂಡು ಬಂದಿದ್ದ ಮೇಕೆ ಕೊನೆಯ ಹೂವನ್ನು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ಯಾರದು ಈ ಮೇಕೆ?" ಅಂಕಲ್ ಚಿಯಾ ಗುಡುಗಿದರು.

ಮಾಕ್ ಚಿಕ್ ಕಿಟಕಿಯಿಂದಲೇ ಕೈ ಅಲ್ಲಾಡಿಸಿದರು: "ನನ್ನದಲ್ಲಪ್ಪ. ಐದು ಗಂಟೆವರೆಗೆ ನನ್ನದಲ್ಲ!"

ಹಸ್ನುಲ್ ಎಂಜಲು ಕೈಯಲ್ಲೇ ಓಡಿಬಂದ. ನನ್ನದಲ್ಲ ಅಂದರೆ ಹಣ ಉಳಿಯುತ್ತೆ, ಪದವಿ ಹೋಗುತ್ತೆ. ನನ್ನದು ಅಂದರೆ ಪದವಿ ಉಳಿಯುತ್ತೆ, ಹಣ ಹೋಗುತ್ತೆ.

"ನಂದೇ ಅಂಕಲ್" ಅಂದ, ಅಳು ನುಂಗಿಕೊಂಡು. ನೂರೈವತ್ತು ರಿಂಗಿಟ್ ದಂಡವಾಯಿತು. ಆಮೇಲೆ ಐದರವರೆಗೂ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೇ ಕೂತ. ಮೇಕೆ ಎಳೆದ ಕಡೆ ಹೋದ, ಬಿಟ್ಟಾಗ ಬಂದ.

ಐದಕ್ಕೆ ಸರಿಯಾಗಿ ಪ್ರೊಫೆಸರ್ ಬಂದರು. ಹಸ್ನುಲ್ ಎದೆಯುಬ್ಬಿಸಿ ಹೇಳಿದ: "ಕೊಂಡದ್ದು ಏಳುನೂರಕ್ಕೆ, ನನ್ನ ಲಾಭ ಐವತ್ತು, ಎರಡು ತಿಂಗಳ ಗಡುವು. ನಿಮಗೆ ಮಾರಿದ್ದೀನಿ ಮಾಕ್ ಚಿಕ್."

"ಕೊಂಡ್ಕೊಂಡೆ" ಅಂದು ಮಾಕ್ ಚಿಕ್ ಹಗ್ಗ ಹಿಡಿದರು.

ಬಾಲ ಎತ್ತಿ ನೋಡಿ ಕೊಂಡದ್ದರಿಂದ ಹಿಡಿದು ಆರ್ಕಿಡ್‌ವರೆಗಿನ ಕತೆಯೆಲ್ಲ ಕೇಳಿ ಪ್ರೊಫೆಸರ್‌ಗೆ ಮನಸ್ಸು ತುಂಬಿ ಬಂತು. "ಭೇಷ್! ಮಾಲಿನ ಕಷ್ಟನಷ್ಟ ಹೊರೋದು ಅಂದ್ರೆ ಇದಪ್ಪ. ಇಪ್ಪತ್ತು ವರ್ಷದಲ್ಲಿ ಒಬ್ಬ ಶಿಷ್ಯನೂ ಹೀಗೆ ಮಾಡಿರ್ಲಿಲ್ಲ" ಅಂತ ಸಹಿಗೆ ಪೆನ್ನು ತೆಗೆದರು. ಹಸ್ನುಲ್‌ಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ದೊಲ್ಲಾನ ಬೈಕು ಬಂದು ನಿಂತಿತು. ಅವನು ಹಸ್ನುಲ್ ಕಡೆ ತಿರುಗಿಯೂ ನೋಡದೆ ನೇರ ಮಾಕ್ ಚಿಕ್ ಹತ್ತಿರ ಹೋದ.

"ಅಕ್ಕಾ! ವಿಳಾಸ ಓದಿದ್ರೆ ನಿನ್ನ ಪಕ್ಕದ ಮನೇದೇ! ಒಂದೇ ಸಲಕ್ಕೆ ಎರಡು ಕೆಲಸ ಆಯ್ತು. ತಗೋ, ನನ್ನ ಹತ್ರ ಸಾಕೋಕೆ ಬಿಟ್ಟಿದ್ದ ನಿನ್ನ ಮೇಕೆ ಮಾರಿಹೋಯ್ತು. ಏಳುನೂರು!"

ಮಾಕ್ ಚಿಕ್ ಕೈಯಲ್ಲಿದ್ದ ಹಗ್ಗ ನೋಡಿದರು, ಮೇಕೆ ನೋಡಿದರು. "ಇದು ನನ್ನ ಮೇಕೆನಾ? ಹೋದ ವರ್ಷ ಕಡ್ಡಿ ಥರ ಇತ್ತಲ್ಲೋ! ಅದಕ್ಕೇ ತಾನೇ ಮಾರಿಬಿಡು ಅಂದದ್ದು!"

ಪ್ರೊಫೆಸರ್ ಪೆನ್ನು ಜೇಬಿಗೆ ವಾಪಸ್ಸು ಹೋಯಿತು.

"ಅಲ್ಲಯ್ಯಾ, ಇವರ ಮೇಕೆ ಇವರ ಮನೇಗೇ ಬಂತು. ಇವರ ಕೈಗೆ ಇವತ್ತು ಏಳುನೂರು ಬಂತು, ಎರಡು ತಿಂಗಳಿಗೆ ನಿನಗೆ ಏಳುನೂರೈವತ್ತು ಕೊಡಬೇಕು. ನೀನು ಮಾರಿದ್ದು ಮೇಕೆಯಲ್ಲಪ್ಪ. ಬಡ್ಡಿ ಸಾಲ ಕೊಟ್ಟಿದ್ದೀಯ!"

"ನನಗೇನು ಗೊತ್ತಿತ್ತು ಸರ್!"

"ಬಾಲ ಎತ್ತಿ ನೋಡಿದೋನು, ಯಾರ ಮೇಕೆ ಅಂತ ಕೇಳಬೇಡ್ವಾ? ಎರಡನೇ ವ್ಯಾಪಾರ ಅಸಿಂಧು. ನೀನು ಫೇಲು."

ಮಾಕ್ ಚಿಕ್ ಪಾಪ, ಏಳುನೂರನ್ನೂ ಹಸ್ನುಲ್ ಕೈಗೇ ಹಿಂದಕ್ಕೆ ಕೊಟ್ಟು ಮೇಕೆ ಇಟ್ಟುಕೊಂಡರು. ಹಸ್ನುಲ್‌ಗೆ ಸಣ್ಣದೊಂದು ಆಸೆ ಚಿಗುರಿತು. "ಹಾಗಾದ್ರೆ ಸರ್, ಆರ್ಕಿಡ್ ತಿಂದಾಗ ಮೇಕೆ ಇವರದೇ ಆಗಿತ್ತು ಅಲ್ವಾ?"

"ಇಲ್ಲ. ನೀನು ಕೊಂಡದ್ದು ಸರಿಯಾಗಿಯೇ ಇದೆ. ತಿಂದಾಗ ಅದು ನಿನ್ನದೇ."

"ಪ್ರೊಫೆಸರ್, ಶುಕ್ರವಾರ ಅಕೀಕಾ ಊಟಕ್ಕಾದ್ರೂ ಬರ್ತೀರಲ್ಲ?" ಮಾಕ್ ಚಿಕ್ ಹಿಂಜರಿಯುತ್ತ ಕೇಳಿದರು.

"ಖಂಡಿತ! ಕೆಟ್ಟಿರೋದು ವ್ಯಾಪಾರ, ಮೇಕೆಗೇನಾಗಿದೆ?" ಅಂತ ಪ್ರೊಫೆಸರ್ ಅದರ ಬೆನ್ನು ಸವರಿದರು. "ನೀನೂ ಬಾ ಹಸ್ನುಲ್. ಮುಂದಿನ ವರ್ಷ ಏನು ಕೊಳ್ಳೋದು ಅಂತ ಊಟ ಮಾಡ್ತಾ ಮಾತಾಡೋಣ."