ಕಣ್ಣು ಮುಚ್ಚಿ ಕೋಳಿ ಆರಿಸಿದ ನಮ್ಮ ಕಾಕಾ

ಮದುವೆಗೆ ಹೆಣ್ಣು ನೋಡಲು ಹೋಗಿ, ನಾಚಿಕೊಂಡು ಬರೀ ನೆಲ ನೋಡಿ, "ಒಪ್ಪಿಗಿ ಐತಿ" ಎಂದು ಬಂದವನು ನಮ್ಮ ಕಾಕಾ. ಅದೇ ಮಹಾನುಭಾವ ಹಿತ್ತಲಿಗೆ ಮೂರೇ ಮೂರು ಕೋಳಿ ಆರಿಸಲು ಹೆಚ್ಚುಕಡಿಮೆ ಅರ್ಧ ವರ್ಷ ತೆಗೆದುಕೊಂಡ! ಅದೂ ಕಣ್ಣು ಮುಚ್ಚಿಕೊಂಡು!

ಕಾರಣ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಇಳಕಲ್ಲಿನ ಪೇಟೆಯವರಂತೆ ಅವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ರಾಣಿ ಹೋಗಿ, ರೂಪಾಯಿಯ ಮೇಲೆ ಹೊಸ ರಾಜನ ಮುಖ ಬಂದ ಕಾಲ ಅದು. ಸಿಡುಬು ಬಂದು ಕಾಕಾನ ಹೆಂಡತಿ, ನಮ್ಮ ಚಿಗವ್ವನ ಎರಡೂ ಕಣ್ಣು ಹೋದವು. ಕಾಕಾ ನೇಯುವ ಸೀರೆಗೆ ನೂಲು ಸುತ್ತಿಕೊಡುತ್ತಿದ್ದವಳು ಅವಳೇ. ಈಗ ಹಿಂಬಾಗಿಲ ಗೋಡೆಗೆ ಒರಗಿ ಕೂತು, "ಉಂಡು ಕೂಡಾಕಷ್ಟ ಆದ್ನಿ ನಾ" ಎನ್ನುತ್ತಿದ್ದಳು. ಯಾರು ಏನು ಹೇಳಿದರೂ ಏಳಲೊಲ್ಲಳು. ಒಂದು ದಿನ ಪಕ್ಕದ ಮನೆಯ ಕೋಳಿಯ ದನಿ ಕೇಳಿ, "ಗುಡೂರಾಗ ನಮ್ಮ ತವರಮನ್ಯಾಗ ಕೋಳಿ ಎಲ್ಲಾ ನಾನ ನೋಡಕೋತಿದ್ದೆ" ಎಂದಳು. ಅಷ್ಟು ಸಾಕಾಯಿತು. ಕಾಕಾ ಮಗ್ಗ ಬಿಟ್ಟೆದ್ದು ರುಮಾಲು ಸುತ್ತಿಕೊಂಡು, ಪಕ್ಕದ ಮಗ್ಗದಲ್ಲಿದ್ದ ನನ್ನನ್ನೂ ಎಬ್ಬಿಸಿಕೊಂಡು ಹೊರಟ.

ಸಂತೆಯಲ್ಲಿ ಕೋಳಿ ಮಾರುವ ಸಾಹೇಬರ ಮುಂದೆ ಕೂತು ಕಣ್ಣು ಮುಚ್ಚಿದ. ಸೆರಗಿನ ಅಂಚು ಪರೀಕ್ಷಿಸುವ ಹಾಗೆ ಒಂದೊಂದೇ ಕೋಳಿಯ ಮೈಮೇಲೆ ಬೆರಳಾಡಿಸಿದ.

"ಏನ್ರಿ, ಕೋಳಿಗೆ ಮಂತ್ರ ಹಾಕಾಕತ್ತೀರೇನು?" ಸಾಹೇಬರು ಕೇಳಿದರು.

"ಗುರುತು ಹಿಡ್ಯಾಕತ್ತೇನ್ರಿ ಸಾಹೇಬ್ರ."

"ಕಣ್ಣು ತಗದು ನೋಡ್ರಿ! ಎಂಥಾ ಕೆಂಪನ್ನ ಕೋಳಿ ಐತಿ!"

"ಕೆಂಪ ತಗೊಂಡು ಏನ ಮಾಡ್ಲಿ? ಕೈಗೆ ಬಣ್ಣ ಗೊತ್ತಾಗತೈತೇನ್ರಿ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಮತ್ತೇನು ಮಾಡಲಿ ಹೇಳಿ!

ಹುನಗುಂದದ ಬೀಗರು ಸುಮ್ಮನಿದ್ದಾರೆಯೇ? "ಜಗಳದ ತಳಿ ತಗೋರಿ, ಮನಿಗೆ ಕಳ್ಳರು ಬರೂದಿಲ್ಲ" ಎಂದು ಒಂದು ಎತ್ತರದ ಕೋಳಿ ಕಳಿಸಿದರು. ಕಾಕಾ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಣ್ಣು ಮುಚ್ಚಿದ. ಅದು ಅವನ ಬಲಗಡೆಯ ಮೀಸೆಯನ್ನು ಹುಳವೆಂದು ತಿಳಿಯಿತೋ ಏನೋ, ಒಂದೇ ಏಟಿಗೆ ಕಿತ್ತಿತು! ಕಳ್ಳರು ಬರುವುದಿಲ್ಲ, ನಿಜ. ಮನೆಯವರೂ ಒಳಗೆ ಬರುವಂತಿರಲಿಲ್ಲ.

ಆಮೇಲೆ ಬಾದಾಮಿ. ಅಲ್ಲಿ ದೊರೆಗಳು ಇಳಿಯುವ ಬಂಗಲೆಯ ಅಡುಗೆಯವನ ಹತ್ತಿರ ವಿಲಾಯತಿ ಕೋಳಿ ಇದೆಯಂತೆ, ದಿನಾ ತತ್ತಿ ಇಡುತ್ತದಂತೆ. ಚಕ್ಕಡಿ ಕಟ್ಟಿಕೊಂಡು ಹೋದೆವು. ಕೋಳಿ ಸಾಧುವೇ. ಆದರೆ ಕಾವಿಗೆ ಕೂಡುವುದಿಲ್ಲ ಎಂದ ಅಡುಗೆಯವನು. ಕಾಕಾ ಕಣ್ಣು ತೆರೆದ.

"ತತ್ತಿ ಇಟ್ಟು ತಿರುಗಿ ನೋಡದ ಕೋಳಿ ನಮಗ್ಯಾಕ್ರಿ? ಮರಿ ಆಡಸಬೇಕು ನಮ್ಮಾಕಿ."

ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿದೆವು.

ಕಡೆಗೆ ಬಂದದ್ದು ನಮ್ಮ ಜವಾರಿ ತಳಿಯವೇ ಮೂರು. ಒಂದರ ಕುತ್ತಿಗೆ ಬೋಳು, ಒಂದಕ್ಕೆ ತಲೆತುಂಬ ಜುಟ್ಟು, ಇನ್ನೊಂದಕ್ಕೆ ಕಾಲೇ ಇಲ್ಲವೇನೋ ಎನ್ನುವಷ್ಟು ಗಿಡ್ಡ ಕಾಲು. ಊರಿನ ಕುರೂಪಿಗಳನ್ನೆಲ್ಲ ಕೂಡಿಹಾಕಿದ್ದಾನೆ ಎಂದು ಓಣಿ ನಕ್ಕಿತು. ಚಿಗವ್ವ ಮಾತ್ರ ಒಂದೊಂದನ್ನೇ ತಡವಿ, "ಇಕಿ ಬೋಳವ್ವ, ಇಕಿ ಜುಟ್ಟವ್ವ, ಇಕಿ ಗಿಡ್ಡವ್ವ" ಎಂದಳು. ತಪ್ಪಲೇ ಇಲ್ಲ! ಮೂರೂ ಅವಳ ಕೈಯಿಂದಲೇ ಜೋಳ ತಿಂದವು, ಒಂದೂ ಕುಕ್ಕಲಿಲ್ಲ.

ಗಿಡ್ಡವ್ವ ಕಾವಿಗೆ ಬಂದಳು. ಕೂಡಲು ಬುಟ್ಟಿ ಇಟ್ಟರೆ ಒಲ್ಲಳು. ನೇಯುವಾಗ ಕಾಲು ಇಳಿಬಿಡಲು ಮಗ್ಗದ ಕೆಳಗೆ ನೆಲದಲ್ಲಿ ತಗ್ಗು ಇರುತ್ತದಲ್ಲ, ಅಲ್ಲಿಯೇ ಹೋಗಿ ಕೂತಳು! ಕಾಕಾ ಅವಳ ಕೆಳಗೆ ತತ್ತಿ ಜೋಡಿಸಿ ಮಗ್ಗ ನಿಲ್ಲಿಸಿದ. ತತ್ತಿ ಅದುರುತ್ತವೆ ಎಂದು ಪಕ್ಕದ ನನ್ನ ಮಗ್ಗವನ್ನೂ ನಿಲ್ಲಿಸಿದ. ಮಗಳ ಮದುವೆಗೆ ಸೀರೆ ನೇಯಲು ಹೇಳಿದ್ದ ಸಾವುಕಾರರು ಅದನ್ನು ಕೇಳಲು ಬಂದರು.

"ಮಗ್ಗ ಯಾಕ ನಿಂತೈತೋ?"

"ಒಳಗ ಒಬ್ಬಾಕಿ ಕುಂತಾಳ್ರಿ. ಏಳು ಅನ್ನಾಕ ಬರೂದಿಲ್ಲ."

ಸಾವುಕಾರರು ಬಗ್ಗಿ ನೋಡಿದರು. ಗಿಡ್ಡವ್ವ ಗರಿ ಉಬ್ಬಿಸಿ ಗುರ್ ಎಂದಳು. "ಮದುವಿ ಮುಂದ ಹೋಗೇತಿ, ಉಳಕೊಂಡಿ!" ಎಂದು ಹೊರಟೇಬಿಟ್ಟರು.

ಆ ವಾರವೇ ಗುಡುಗು ಬಂತು. ಗುಡುಗಿಗೆ ತತ್ತಿ ಕೆಡುತ್ತವೆಂದು ಪಕ್ಕದಲ್ಲಿ ಕಬ್ಬಿಣ ಇಡುವುದು ನಮ್ಮಲ್ಲಿ ರೂಢಿ. ಒಂದು ಮೊಳೆ ಸಾಕು. ಕಾಕಾ ಕತ್ತರಿ ಇಟ್ಟ, ಕುಡಗೋಲು ಇಟ್ಟ, ಬಾಗಿಲ ಚಿಲಕ ಕಿತ್ತು ತಂದಿಟ್ಟ! ನಗು ಬಂತು, ಆದರೆ ನಗಲಾಗಲಿಲ್ಲ. ಈ ತತ್ತಿ ಕೆಟ್ಟರೆ ಚಿಗವ್ವ ಮತ್ತೆ ಆ ಗೋಡೆಗೆ ಹೋಗಿ ಕೂಡುತ್ತಾಳೆಂಬ ಅಂಜಿಕೆ ಅವನ ಮುಖದಲ್ಲಿತ್ತು.

ಮರಿಯಾಗುವ ದಿನ ಬಂದೇ ಬಂತು. ಮುಂಜಾನೆ ಕಾಕಾ ಒಂದೊಂದು ತತ್ತಿಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ. "ಕೆಟ್ಟಾವ ಕಾಣತೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಹಿಂಬಾಗಿಲಲ್ಲಿ ಕೂತು ಕೋಳಿಗೆ ಜೋಳ ಹಾಕುತ್ತಿದ್ದ ಚಿಗವ್ವನಿಗೆ ಅದು ಕೇಳಿಸಿತ್ತು. ಎದ್ದಳು. ಯಾರ ಕೈಯನ್ನೂ ಹಿಡಿಯದೆ, ಗೋಡೆ ಸವರುತ್ತ ಮಗ್ಗದವರೆಗೆ ಬಂದು ತಗ್ಗಿಗೆ ಕಾಲು ಇಳಿಬಿಟ್ಟು ಕೂತಳು. ಗಿಡ್ಡವ್ವನ ಹೊಟ್ಟೆಯ ಕೆಳಗೆ ಕೈ ಹಾಕಿದಳು, ಗಿಡ್ಡವ್ವ ಮಿಸುಕಲಿಲ್ಲ. ಒಂದು ತತ್ತಿ ತೆಗೆದು ಕಿವಿಗೆ ಹಿಡಿದಳು. ನಮ್ಮ ಕಣ್ಣಿಗೆ ಅದು ಬರೀ ತತ್ತಿ. ಅವಳ ಮುಖ ಮಾತ್ರ ನಿಧಾನವಾಗಿ ಅರಳಿತು. ಸಿಡುಬಿನ ನಂತರ ಆ ಮುಖವನ್ನು ನಾನು ಹಾಗೆ ಕಂಡಿರಲಿಲ್ಲ.

"ಬಂದಾವ. ಒಳಗ ಮಾತಾಡಾಕತ್ತಾವ, ಕೇಳ್ರಿ" ಎಂದು ತತ್ತಿಯನ್ನು ಕಾಕಾನ ಕೈಗಿಟ್ಟಳು.

ಕಾಕಾ ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದ.

"ನನಗೇನೂ ಕೇಳಸವಲ್ದು" ಎಂದ.

ಚಿಗವ್ವ ಕೈ ಚಾಚಿ ಅವನ ಒದ್ದೆ ಕೆನ್ನೆ ಒರೆಸಿದಳು.

"ಮೊದಲ ಅಳೂದು ನಿಲ್ಲಸ್ರಿ, ಕೇಳಸತೈತಿ."